ಲಾರಿಯ ಹಣೆಗೆ ನೀರು

ಲಾರಿಯ ಸೀಟಿನ ಮೇಲಿದ್ದ ದಿಂಬನ್ನು ಬೋರಿಲ್ ಕೈಗೆತ್ತಿಕೊಂಡ, ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟ. ಮಕ್ಕಳ ದಿಂಬು, ಮೇಲೆ ಗೊರಕೆ ಹೊಡೆಯುವ ಕರಡಿಯ ಚಿತ್ರ. ಸುರಂಗದಲ್ಲಿ ಆದದ್ದು ಆದ ಮೇಲೆ ಜೊತೆಯ ಡ್ರೈವರುಗಳು ಕೂಡಿ ಕೊಂಡು ತಂದು, ಅವನು ಕಾಫಿಗೆ ಇಳಿದ ಹೊತ್ತು ನೋಡಿ ಇಟ್ಟು, ದೂರ ನಿಂತು ಅವನ ಮುಖ ನೋಡಿದ್ದರು. ಎಸೆದರೆ ಮನಸ್ಸಿಗೆ ನಾಟಿದೆ ಎಂದು ಅವರಿಗೆ ಗೊತ್ತಾಗುತ್ತದೆ, ಇಟ್ಟುಕೊಂಡರೆ ನಿದ್ದೆ ಹೋಗಿದ್ದನ್ನು ಒಪ್ಪಿಕೊಂಡಂತಾಗುತ್ತದೆ. ಹೀಗಾಗಿ ದಿಂಬು ಅಲ್ಲೇ ಉಳಿಯಿತು, ಅದಕ್ಕೆ ಒರಗದೆ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಅವನು ಕಲಿತ. ಈಗ ಲಾರಿ ಹರ್ಮನ್ಲಿ ಊರಾಚೆ ಮಿಲ್ಚೊನ ಶೆಡ್ಡಿನಲ್ಲಿ ಮೂತಿಯ ಮುಚ್ಚಳ ಎತ್ತಿಕೊಂಡು, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದವರ ಹಾಗೆ ನಿಂತಿತ್ತು. ಲಾರಿಗಳ ಕರೆಂಟಿನ ಕೆಲಸದಲ್ಲೇ ತಲೆ ನರೆತ ಮಿಲ್ಚೊ ಸೂರ್ಯಕಾಂತಿ ಬೀಜ ಕಚ್ಚುತ್ತ, ಸಿಪ್ಪೆಯನ್ನು ತನ್ನ ಜೇಬಿಗೇ ಉಗುಳಿಕೊಳ್ಳುತ್ತ, ಒಂದು ಪುಟ್ಟ ಪರದೆಯ ಮೇಲೆ ಲಾರಿ ಹೇಳುವ ದೂರುಗಳನ್ನು ಓದುತ್ತಿದ್ದ. ಹೋದ ವಾರವೂ ಓದಿ, ಏನೂ ಸಿಗಲಿಲ್ಲ ಎಂದು ಕೈತೊಳೆದುಕೊಂಡಿದ್ದವನು ಅವನೇ. ಇನ್ನೊಂದು ಸಲ ನೋಡಲಿ, ಆಗಲೂ ಏನೂ ಇಲ್ಲವೆಂದರೆ ಬೋರಿಲ್ ಬೀಗದ ಕೈ ಕೊಟ್ಟು ಮನೆಗೆ ಹೋಗಲಿ ಎಂದು ಯಜಮಾನ ಲ್ಯುಬೆನ್ ಹೇಳಿದ್ದ.

ಸುರಂಗದಲ್ಲಿ ಆದದ್ದನ್ನು ಬೋರಿಲ್ ಎಷ್ಟು ಜನರಿಗೆ ಹೇಳಿದ್ದನೆಂದರೆ ಅದು ಈಗ ಅವನಿಗೇ ಕಟ್ಟುಕತೆಯಂತೆ ಕೇಳಿಸುತ್ತಿತ್ತು. ಬೆಳಗಿನ ಹೊತ್ತು. ಸೋಫಿಯಾ ಕಡೆಯ ಹಳೆಯ ರಸ್ತೆ, ಒಳಗೆ ದೀಪವಿಲ್ಲದ ಸುರಂಗ. ಒಳಹೊಕ್ಕು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೆಡ್‌ಲೈಟು ಆರಿತು. ಒಣ ಗಾಜಿನ ಮೇಲೆ ವೈಪರುಗಳು ಕರಕರ ಎಂದು ಓಡತೊಡಗಿದವು. ಆಮೇಲೆ ಕ್ಯಾಬಿನ್ನಿನ ಒಳದೀಪ ತಾನಾಗಿ ಹತ್ತಿತು. ಎದುರಿನ ಗಾಜಿನಲ್ಲಿ ರಸ್ತೆ ಹೋಗಿ ಅವನ ಮುಖ ಬಂತು. ಅವನು ಬ್ರೇಕು ತುಳಿದ, ಲಾರಿಯ ಪಕ್ಕೆ ಗೋಡೆಗೆ ಉಜ್ಜಿಕೊಂಡು ಹೋಗಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ತನ್ನ ಮುಖ ತನಗೆ ಕಂಡಿತೆಂದ ಮೇಲೆ ಕಣ್ಣು ತೆರೆದೇ ಇದ್ದಿರಬೇಕಲ್ಲ, ಎಂದು ಅವನು ಲ್ಯುಬೆನ್‌ನ ಎದುರು ವಾದ ಹೂಡಿದ್ದ. ಲ್ಯುಬೆನ್ ಎಲ್ಲರ ಮುಂದೆ ಅವನ ಬಾಯಿಗೆ ನಳಿಗೆ ಇಟ್ಟು ಊದಿಸಿ, ಕುಡಿದಿಲ್ಲವೆಂದು ಗೊತ್ತಾದ ಮೇಲೆ, "ನಂಗೂ ಕನಸಲ್ಲಿ ನನ್ನ ಮುಖ ಕಾಣತ್ತಪ್ಪ" ಎಂದಿದ್ದ. ಎಲ್ಲರೂ ನಕ್ಕಿದ್ದರು. ನಗದಿದ್ದರೆ ಕೆಟ್ಟದಾಗುತ್ತದೆಂದು ಬೋರಿಲ್ಲೂ ನಕ್ಕಿದ್ದ. ಈಗ ನೆನೆದರೆ ಬೇರೆಲ್ಲಕ್ಕಿಂತ ಆ ತನ್ನ ನಗುವೇ ಅವನಿಗೆ ಹೇಸಿಗೆ ಹುಟ್ಟಿಸುತ್ತಿತ್ತು.

ಆದರೆ ಲ್ಯುಬೆನ್ ನಂಬದಿದ್ದರೆ ಬೇರೆ ಮಾತು. ಮನೆಯಲ್ಲಿ ಅಮ್ಮ ಸ್ತೋಯ್ನ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳದೆಯೇ ಸಂಜೆಯಾಗುತ್ತಲೇ ಪರದೆ ಎಳೆಯತೊಡಗಿದಳು, ರೇಡಿಯೊ ಆರಿಸತೊಡಗಿದಳು, ಅವನ ಕಾಫಿಗೆ ನೀರು ಬೆರೆಸತೊಡಗಿದಳು. ಬೇಲಿಯಾಚೆಯ ಹೆಂಗಸಿಗೆ, "ಮಗು ದಣಿದಿದೆ ಕಣೇ, ಕಣ್ಣು ಹತ್ತಿರ್ಬೇಕು" ಎನ್ನುವುದು ಕಿಟಕಿಯೊಳಗಿಂದ ಅವನ ಕಿವಿಗೆ ಬಿತ್ತು. ಮಗು. ಅವನ ಗಡ್ಡದಲ್ಲಿ ಬಿಳಿ ಕೂದಲು ಬಂದಿದ್ದವು. ಆವತ್ತು ಅವನು ಹಾಸಿಗೆಯಲ್ಲಿ ಮಲಗಿ, ಬೆಳಕಿರುವಾಗಲೇ ಕಣ್ಣು ಮುಚ್ಚಿ, ಸುರಂಗದಲ್ಲಿ ಕೈ ಎಲ್ಲಿತ್ತು ಎಂದು ನೆನೆಯಲು ನೋಡಿದ. ಬಲಗೈ ಸ್ಟೀರಿಂಗಿನ ಮೇಲೆ. ಎಡಗೈ? ಎಡಗೈ ನೆನಪಾಗಲಿಲ್ಲ. ದೀಪದ ಗುಂಡಿ ಇರುವುದು ಎಡಕ್ಕೆ. ನಿದ್ದೆಗಣ್ಣಿನಲ್ಲಿ ತನ್ನ ಕೈಯೇ ದೀಪ ಆರಿಸಿರಬಹುದೇ? ಒಮ್ಮೆ ಆ ಅನುಮಾನ ಹೊಕ್ಕ ಮೇಲೆ ಅವನಿಗೆ ತನ್ನ ಕೈ ಮೇಲೇ ಭಯ ಬಂತು, ರೊಟ್ಟಿ ಕುಯ್ಯುವಾಗ ಕೂಡ ಕೈಯನ್ನೇ ನೋಡುತ್ತಿದ್ದ. ಅಮ್ಮ ಒಬ್ಬಳು ನಂಬಿದರೆ ಸಾಕಿತ್ತು, ಕೈ ಮತ್ತೆ ತನ್ನದಾಗುತ್ತಿತ್ತು ಎಂದು ಅನ್ನಿಸುತ್ತಿತ್ತು.

"ಹೋಗುವಾಗ ಆಗತ್ತೋ, ಬರುವಾಗಲೋ?" ಮಿಲ್ಚೊ ಪರದೆಯಿಂದ ಕಣ್ಣೆತ್ತದೆ ಕೇಳಿದ.

ಬೋರಿಲ್ ಯೋಚಿಸಿದ. ಸುರಂಗಕ್ಕೂ ಮೊದಲು ಸಣ್ಣಪುಟ್ಟದ್ದು ಆಗಿತ್ತು, ಒಮ್ಮೆ ಹಾರ್ನು ತಾನೇ ಕೂಗಿತ್ತು, ಒಮ್ಮೆ ಬಾಗಿಲಿನ ಬೀಗ ಹಾಕಿ ತೆಗೆದು ಹಾಕಿ ತೆಗೆದು ಆಟವಾಡಿತ್ತು. "ಹೋಗುವಾಗಲೇ, ಮಿಲ್ಚೊ ಅಣ್ಣ. ಮನೆ ಬಿಟ್ಟ ಮೇಲೆ ಒಂದೆರಡು ಗಂಟೆ. ಆಮೇಲೆ ಇಲ್ಲ. ಬರುವಾಗ ಒಂದ್ಸಲನೂ ಆಗಿಲ್ಲ."

"ಮನೆ ಬಿಡೋಕೆ ಗಾಡಿಗೇ ಮನಸಿಲ್ಲ ಅನ್ನು. ಹೊರಡುವಾಗ ಏನು ಮಾಡ್ತೀಯ ನೀನು?"

"ಏನು ಮಾಡೋದು. ಹೊರಡ್ತೀನಿ."

ಮಿಲ್ಚೊ ಕ್ಯಾಬಿನ್ನಿಗೆ ಹತ್ತಿ, ಎಡಬದಿಯ ಡ್ರೈವರ್ ಸೀಟಿನ ಆಚೆ, ಜೊತೆಗಾರ ಕೂರುವ ಕಡೆ ಮೊಣಕಾಲೂರಿ, ಡ್ಯಾಶ್‌ಬೋರ್ಡಿನ ಕೆಳಗಿನ ಹಲಗೆ ಬಿಚ್ಚಿದ. ಒಳಗೆ ಕೈಯಗಲದ ಒಂದು ಕಪ್ಪು ಪೆಟ್ಟಿಗೆ, ಅದಕ್ಕೆ ಎಲ್ಲ ಕಡೆಯಿಂದ ಬಂದು ಸೇರುವ ವೈರಿನ ಕಂತೆಗಳು. ಬೋರಿಲ್ ಇಷ್ಟು ವರ್ಷ ಅದರ ಪಕ್ಕದಲ್ಲೇ ಊಟ ಮಾಡಿದ್ದ, ಮಲಗಿದ್ದ, ಅದರ ಮುಖ ಕಂಡಿರಲಿಲ್ಲ. "ಬಾಡಿ ಮಾಡ್ಯೂಲ್ ಅಂತಾರೆ" ಎಂದ ಮಿಲ್ಚೊ. "ನೀನು ಗುಂಡಿ ಒತ್ತಿದ ತಕ್ಷಣ ದೀಪ ಹತ್ತತ್ತೆ ಅನ್ಕೊಂಡಿದೀಯಲ್ಲ, ಹಾಗಿಲ್ಲ. ಗುಂಡಿ ಒತ್ತಿದ್ರೆ ಇವನ ಹತ್ರ ಒಂದು ಅರ್ಜಿ ಹೋಗತ್ತೆ, ಅಷ್ಟೇ. ದೀಪ, ವೈಪರು, ಹಾರ್ನು, ಬಾಗಿಲು, ಎಲ್ಲದಕ್ಕೂ ಇವನೇ. ಇವನು ಹೂಂ ಅಂದ್ರೆ ದೀಪ."

ಬೋರಿಲ್ ಆ ಪೆಟ್ಟಿಗೆಯನ್ನೇ ನೋಡಿದ. ಅಂದರೆ ತಾನು ಒಂದು ದಿನವೂ ದೀಪ ಹತ್ತಿಸಿದವನಲ್ಲ, ಕೇಳಿದವನು. ಕೇಳಿದ್ದು ಸಿಕ್ಕಿತೆಂಬುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಕೇಳುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಪರ್ವತದ ತಿರುವುಗಳಲ್ಲಿ, ಮಂಜಿನಲ್ಲಿ, ಎದುರು ಬರುವವರಿಗೆ ದಾರಿ ಬಿಡಲು ದೀಪ ತಗ್ಗಿಸುವಾಗ, ಪ್ರತಿ ಸಲವೂ ಈ ಕಪ್ಪು ಪೆಟ್ಟಿಗೆ ಅವನ ಕೋರಿಕೆಯನ್ನು ಕೇಳಿಸಿಕೊಂಡು, ಆಗಲಿ ಎಂದು, ಮಾಡಿಕೊಟ್ಟು ಸುಮ್ಮನಿತ್ತು. ಚಿಕ್ಕಂದಿನಲ್ಲಿ ಅಮ್ಮ ಹೀಗೆಯೇ ಮಾಡುತ್ತಿದ್ದಳು. ನೀರು ಎನ್ನುವ ಮೊದಲೇ ಕತ್ತಲಲ್ಲಿ ಲೋಟ ತುಟಿಗೆ ಬರುತ್ತಿತ್ತು. ಅವನು ಬಾಗಿ ಪೆಟ್ಟಿಗೆಯ ಮೇಲೆ ಬೆರಳಿಟ್ಟ. ಉಗುರುಬೆಚ್ಚಗಿತ್ತು.

"ಇಲ್ಲಿ ನೋಡು" ಎಂದ ಮಿಲ್ಚೊ. ಮೇಲಿನಿಂದ ಇಳಿದು ಬರುವ ಒಂದು ಕಂತೆಯ ಮೈಗುಂಟ ತೆಳ್ಳನೆಯ ಬಿಳಿ ಗೆರೆಯಿತ್ತು, ಕೆಟಲಿನ ಒಳಮೈಗೆ ಕಟ್ಟುತ್ತದಲ್ಲ, ಅಂಥದ್ದು. "ನೀರು ಇಳಿದ ಗುರುತು. ಹೋದ ವಾರ ಇದರ ಮೇಲೆ ಕೈ ಇಟ್ಕೊಂಡೇ ಕೂತಿದ್ದೆ, ಕಾಣ್ಲಿಲ್ಲ. ಗಾಡಿ ಒಣಗಿತ್ತು, ಒಣಗಿದಾಗ ಕಾಯಿಲೆ ಇಲ್ಲ." ಅವನು ಅದನ್ನು ಹೇಳಿದ್ದು ತಪ್ಪೊಪ್ಪಿಗೆಯಾಗಿಯೂ ಅಲ್ಲ, ಸಮರ್ಥನೆಯಾಗಿಯೂ ಅಲ್ಲ. ಕೀಲಿ ತಿರುಗಿಸಿ ಹೆಡ್‌ಲೈಟು ಹಚ್ಚಿ, ಕೆಳಗಿಳಿದು ಒಂದು ದೊಡ್ಡ ಬಾಟಲಿಯಲ್ಲಿ ನಲ್ಲಿ ನೀರು ತುಂಬಿ ಬೋರಿಲ್‌ಗೆ ಕೊಟ್ಟ. "ಆ ಏಣಿ ಹತ್ತು. ಮುಂದಿನ ಗಾಜಿಗೆ ಒಂದೇ ಸಲಕ್ಕೆ ಎರಚು. ಮಳೆ ಹಾಗೆ ಬೇಡ. ಧಾರಾಳವಾಗಿ."

ಬೋರಿಲ್ ಏಣಿ ಹತ್ತಿದ, ತೋಳು ಹಿಂದಕ್ಕೆಳೆದ, ಎರಚಿದ. ನೀರು ಗಾಜಿಗೆ ಬಡಿದು ಹರಡಿ, ವೈಪರುಗಳ ಬುಡದ ಜಾಲರಿಗೆ ಇಳಿಯಿತು. ತೋಳು ಇನ್ನೂ ಗಾಳಿಯಲ್ಲಿರುವಾಗಲೇ ಅವನಿಗೆ ಅದು ತನ್ನ ತೋಳಿನ ಬೀಸಲ್ಲ ಎನ್ನಿಸಿತು. ಯಾರ ಬೀಸೆಂದು ತಿಳಿಯಿತು. ತಿಳಿದದ್ದನ್ನು ಅತ್ತ ನೂಕಿದ. ಮನೆ ರಸ್ತೆಗಿಂತ ಎತ್ತರದಲ್ಲಿದೆ, ಕಲ್ಲಿನ ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ನಿಂತರೆ ಗಿಡ್ಡ ಹೆಂಗಸಿನ ಕೈಯೂ ಲಾರಿಯ ಗಾಜಿನ ಎತ್ತರಕ್ಕೆ ಬರುತ್ತದೆ. ಹೊರಡುವವರ ಮುಂದೆ ನೀರು ಚೆಲ್ಲುವುದು ಎಲ್ಲರ ಮನೆಯಲ್ಲೂ ಇದೆ, ಹೋದ ಕೆಲಸ ನೀರು ಹರಿದ ಹಾಗೆ ಆಗಲಿ ಎಂದು. ಬೇರೆ ತಾಯಂದಿರು ನೆಲಕ್ಕೆ ಚೆಲ್ಲುತ್ತಾರೆ. ಸ್ತೋಯ್ನ ಮಾತ್ರ, ಮುಂದೆ ಹೋಗುವುದು ಲಾರಿಯ ಹಣೆ, ನಿನ್ನ ಕಾಲಲ್ಲ ಎಂದು, ತಾಮ್ರದ ತಂಬಿಗೆಯನ್ನು ಲಾರಿಯ ಹಣೆಗೇ ಬೀಸುವವಳು. ಸುರಂಗದ ಹಿಂದಿನ ದಿನ ಮನೆಯ ನಲ್ಲಿಯಲ್ಲಿ ನೀರು ನಿಂತಿತ್ತಂತೆ, ಬೆಳಿಗ್ಗೆ ತಂಬಿಗೆ ಅರ್ಧವೇ ಇತ್ತಂತೆ, ಅದಕ್ಕೇ ಹಾಗಾಯಿತು ಎಂದು ಅವಳು ಈಗ ಎರಡು ತಂಬಿಗೆ ಎರಚುತ್ತಿದ್ದಳು.

ಇಬ್ಬರೂ ಕಾದರು. ಮಿಲ್ಚೊ ಕಾಗದದಲ್ಲಿ ಸುತ್ತಿದ ಬಾನಿತ್ಸ ಬಿಚ್ಚಿ ಅರ್ಧ ಮುರಿದು ಕೊಟ್ಟ. ಚೀಸು ತುಂಬಿದ ಪದರು ಪದರಾದ ತಿಂಡಿ ಬೋರಿಲ್‌ನ ಬಾಯಲ್ಲಿ ಹೊಟ್ಟಿನ ಹಾಗೆ ಉಳಿಯಿತು. ಮಿಲ್ಚೊ ತನ್ನ ಅಳಿಯನನ್ನು ಬೈಯುತ್ತಿದ್ದ, ಅವನು ಮೊಸರಿಗೆ ಸಕ್ಕರೆ ಹಾಕಿಕೊಳ್ಳುತ್ತಾನಂತೆ, ಮನುಷ್ಯನೇ ಅಲ್ಲವಂತೆ. ಬೋರಿಲ್ ಹೂಂ ಎನ್ನುತ್ತಿದ್ದ. ಏನೂ ಆಗದಿರಲಿ ಎಂದು ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು, ಆಗಲಿ ಎಂದೂ ಬೇಡಿಕೊಳ್ಳುತ್ತಿತ್ತು, ಎರಡೂ ಒಂದೇ ಉಸಿರಿನಲ್ಲಿ. ಆಗದಿದ್ದರೆ ನಿದ್ದೆ ಮಾಡಿದವನು ತಾನು. ಆಗಿಬಿಟ್ಟರೆ ತಪ್ಪು ಅಮ್ಮ ಎರಚಿದ ನೀರಿನದು.

ಆಮೇಲೆ ಯಾರೂ ಇಲ್ಲದ ಕ್ಯಾಬಿನ್ನಿನಲ್ಲಿ ವೈಪರುಗಳು ಎದ್ದವು. ಒಮ್ಮೆ ಹೋಗಿ, ಬಂದು, ನಿಂತು, ಮತ್ತೆ ಓಡತೊಡಗಿದವು. ಒಳದೀಪ ಹತ್ತಿತು. ಬಾಗಿಲಿನ ಬೀಗ ಟಕ್ ಎಂದಿತು, ತೆರೆಯಿತು, ಟಕ್ ಎಂದಿತು. ಶೆಡ್ಡಿನ ಗೋಡೆಯ ಮೇಲೆ ಬಿದ್ದಿದ್ದ ಹೆಡ್‌ಲೈಟಿನ ಬೆಳಕು ಆರಿತು. ಕೊನೆಗೆ ಹಾರ್ನು, ಉದ್ದಕ್ಕೆ, ಎದೆ ನಡುಗುವಂತೆ. ಬೋರಿಲ್ ಬಾನಿತ್ಸ ಹಿಡಿದ ಕೈಯನ್ನು ಹಾಗೇ ಬಿಟ್ಟು ನಿಂತ. ತನ್ನ ಖಾಲಿ ಸೀಟು, ಅದರ ಮೇಲೆ ಕರಡಿಯ ದಿಂಬು, ಅದರ ಸುತ್ತ ಇಡೀ ಲಾರಿ ತನಗೆ ತೋಚಿದಂತೆ ಕಣ್ಣು ಮುಚ್ಚಿ ತೆರೆದು ಕೂಗುತ್ತಿತ್ತು. ಇಂಥದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕೈಗಳೆರಡೂ ಇಲ್ಲೇ ಇದ್ದವು, ಒಂದರಲ್ಲಿ ತಿಂಡಿ, ಇನ್ನೊಂದು ಖಾಲಿ. ಅವನಿಗೆ ಅಳು ಬಂತು, ಬಂದ ಅಳುವನ್ನು ತಡೆಯಲೂ ಇಲ್ಲ.

"ಅಳು, ಅಳು" ಎಂದ ಮಿಲ್ಚೊ, ಬ್ಯಾಟರಿಯ ತಂತಿ ಕಳಚಲು ಹೋಗುತ್ತ. "ಆದ್ರೆ ಗಾಡಿ ಮೇಲೆ ಅಳಬೇಡ, ಇನ್ನೊಂದಷ್ಟು ನೀರು ಒಳಗೆ ಹೋದೀತು."

ಹಾರ್ನು ನಿಂತ ಮೇಲೆ ಶೆಡ್ಡು ತುಂಬ ಹೊತ್ತು ಗುಂಯ್‌ಗುಟ್ಟಿತು. ಜಾಲರಿ ಕಳಚಿದರು. ಅದರಡಿ ನೀರು ಇಳಿದು ನೆಲಕ್ಕೆ ಹೋಗಲೆಂದು ಒಂದು ತೂತಿರುತ್ತದೆ. ಮಿಲ್ಚೊ ತಂತಿ ತೂರಿಸಿದರೆ ಹೋಗಲಿಲ್ಲ. "ಕಟ್ಕೊಂಡಿದೆ. ಅದಕ್ಕೇ ನೀರು ತುಂಬಿ, ವೈರು ಹಿಡ್ಕೊಂಡು ಒಳಗೆ ಹೋಗಿದೆ. ನನ್ನ ಬೆರಳು ದಪ್ಪ, ನೀನು ಹಾಕು." ಬೋರಿಲ್ ಬೆರಳು ಹಾಕಿದ. ಮೆತ್ತಗಿನದೇನೋ ತಗುಲಿತು. ಸೋಸಿ ಬಿಟ್ಟ ಚಹಾಸೊಪ್ಪಿನಂತೆ ಕಪ್ಪಗೆ ಮುದ್ದೆಯಾಗಿತ್ತು, ಒಂದೇ ಒಂದು ಎಲೆ ಮಾತ್ರ ಅಂಚು ಕತ್ತರಿಸಿದ ಅಂಗೈಯ ಆಕಾರ ಬಿಟ್ಟಿರಲಿಲ್ಲ. ಆಕಾರ ನೋಡಬೇಕಾಗಿಯೂ ಇರಲಿಲ್ಲ. ಝ್ದ್ರಾವೆತ್ಸ್ ಸೊಪ್ಪು ಕೊಳೆತರೂ ತನ್ನ ವಾಸನೆ ಕಳೆದುಕೊಳ್ಳುವುದಿಲ್ಲ. ಹೆಸರಲ್ಲೇ ಆರೋಗ್ಯ ಇಟ್ಟುಕೊಂಡ ಸೊಪ್ಪು. ಅಮ್ಮ ಅಂಗಳದ ಬದಿಯಲ್ಲಿ ಬೆಳೆಸಿ, ಒಂದು ಹಿಡಿ ತಂಬಿಗೆಯ ನೀರಿಗೆ ಅದ್ದಿ, ನೀರಿನೊಂದಿಗೇ ಎರಚುತ್ತಿದ್ದದ್ದು. ಬೋರಿಲ್ ಮುಷ್ಟಿ ಮುಚ್ಚಿದ.

"ಏನದು?"

"ಕಸ."

"ಎಂಥಾ ಕಸ?"

ಬೋರಿಲ್ ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ದಿಂಬು ತಂದವರು ನೆನಪಾದರು. ಇದು ಗೊತ್ತಾದರೆ ಅವರು ಅಮ್ಮನ ಬಾಗಿಲಿಗೆ ಬಕೆಟ್ಟು ತಂದು ಇಡುತ್ತಾರೆ. ಮಿಲ್ಚೊ ಹತ್ತಿರ ಬಂದ, ಮೂಗು ಅರಳಿಸಿದ, ಬೀಜ ಕಚ್ಚುವುದನ್ನು ನಿಲ್ಲಿಸಿದ. ಶೆಡ್ಡಿನ ತುಂಬ ಹಸಿರು ವಾಸನೆ ಇತ್ತು.

"ನನ್ನ ಅಮ್ಮನೂ ಎರಚ್ತಿದ್ಲು" ಎಂದ. "ಆಗಿನ ಗಾಡಿಗಳಿಗೆ ಬುದ್ಧಿ ಇರ್ಲಿಲ್ಲ. ಎಷ್ಟು ಎರಚಿದ್ರೂ ಸುಮ್ನೆ ಹೋಗ್ತಿದ್ವು."

ಲ್ಯುಬೆನ್ ಫೋನು ಮಾಡಿದಾಗ ಮಿಲ್ಚೊ ಪೆಟ್ಟಿಗೆ ಕೆಟ್ಟಿದೆ, ಹೊಸದು ಬೇಕು, ಡ್ರೈವರನದು ತಪ್ಪಿಲ್ಲ ಎಂದ. ಹೇಗೆ ಕೆಟ್ಟಿತು ಎಂದು ಲ್ಯುಬೆನ್ ಕೇಳಿದ್ದು ಬೋರಿಲ್‌ಗೂ ಕೇಳಿಸಿತು. "ನೀರು ಹೋಗಿದೆ. ಎಲೆ ಸಿಕ್ಕಿ ತೂತು ಕಟ್ಟಿದೆ."

"ಎಂಥಾ ಎಲೆ?"

"ಗಿಡದ್ದು. ಇನ್ನೆಂಥದಿರತ್ತೆ ಎಲೆ? ಯಜಮಾನ್ರೇ, ಆ ಹುಡುಗನ ಸೀಟಲ್ಲಿ ಯಾರೋ ದಿಂಬು ಇಟ್ಟಿದಾರೆ, ಅದನ್ನ ನಿಮಗೇ ಕಳಿಸ್ಲಾ, ಕನಸಲ್ಲಿ ಮುಖ ಕಾಣತ್ತಂತಲ್ಲ ನಿಮಗೆ."

ಲ್ಯುಬೆನ್ ಏನೋ ಗೊಣಗಿ, ನಾಡಿದ್ದು ಬೆಳಿಗ್ಗೆ ಸೋಫಿಯಾಕ್ಕೆ ಸರಕಿದೆ, ಬೋರಿಲ್ಲೇ ಹೋಗಲಿ ಎಂದು ಫೋನಿಟ್ಟ. ಬೋರಿಲ್ ಆಸೆಪಟ್ಟದ್ದು ಅಷ್ಟೇ ಆಗಿತ್ತು, ಅದು ಸಿಕ್ಕಿತು. ಆದರೆ ಮುಷ್ಟಿ ಬಿಚ್ಚಲು ಆಗಲಿಲ್ಲ. ಎಲೆಯ ಮುದ್ದೆಯನ್ನು ಜಾಕೆಟಿನ ಎದೆಜೇಬಿಗೆ ಹಾಕಿಕೊಂಡ.

ಮಾರನೆಯ ದಿನ ಹೊಸ ಪೆಟ್ಟಿಗೆ ಬಂತು. ಹಳೆಯದನ್ನು ಮಿಲ್ಚೊ ಬಿಚ್ಚಿ ತೋರಿಸಿದ: ಪಿನ್ನುಗಳ ಸಾಲಿನ ಒಂದು ಮೂಲೆಯಲ್ಲಿ ಹಸಿರು ಉಪ್ಪು ಹರಳುಗಟ್ಟಿತ್ತು, ಪಕ್ಕಪಕ್ಕದ ಪಿನ್ನುಗಳನ್ನು ಒಂದಕ್ಕೊಂದು ಸೇರಿಸಿತ್ತು. ಯಾರೂ ಕೊಡದ ಅಪ್ಪಣೆಗಳು ಹುಟ್ಟುತ್ತಿದ್ದದ್ದು ಅಲ್ಲಿ. ಬೋರಿಲ್ ಅದನ್ನು ಬೆಳಕಿಗೆ ಹಿಡಿದು ನೋಡಿಯೇ ನೋಡಿದ. ಮೆಟ್ಟಿಲ ಮೇಲಿನಿಂದ ಬೀಸಿದ ನೀರು ಗಾಜು ದಾಟಿ, ಜಾಲರಿ ದಾಟಿ, ವೈರು ಹಿಡಿದು ಕತ್ತಲಲ್ಲಿ ಇಳಿದು, ಲಾರಿಯ ಇಚ್ಛೆ ಇರುವ ಜಾಗಕ್ಕೇ ಬಂದು ಕೂತಿತ್ತು. ನೂರಾರು ವೈರುಗಳಲ್ಲಿ ಆ ಜಾಗಕ್ಕೆ ದಾರಿ ತೋರಿಸುವ ವೈರನ್ನೇ ಅದು ಹಿಡಿದಿತ್ತು. ಅಮ್ಮ ಹರ್ಮನ್ಲಿ ಬಿಟ್ಟು ಎಲ್ಲಿಗೂ ಹೋದವಳಲ್ಲ. ಈ ಹಸಿರು ಮಾತ್ರ ಲಾರಿಯೊಂದಿಗೆ ಊರೂರು ದಾಟಿತ್ತು, ಅವನು ಮಲಗಿದಾಗ ಅವನ ತಲೆಯ ಹತ್ತಿರವೇ ಎಚ್ಚರವಿತ್ತು, ಅವನನ್ನು ಕಾಯಲು ಬಂದು ಕೊಲ್ಲುವ ಮಟ್ಟಕ್ಕೂ ಹೋಗಿತ್ತು. ಅವನಿಗೆ ಸಿಟ್ಟು ಬರಲಿಲ್ಲ, ಅದನ್ನು ಹಿಡಿದುಕೊಂಡೇ ಅಲ್ಲಿದ್ದ ಟೈರಿನ ಮೇಲೆ ಕೂತ.

ಹೊಸ ಪೆಟ್ಟಿಗೆಗೆ ಏನೂ ಗೊತ್ತಿರಲಿಲ್ಲ. ಕೂಡಿಸಿ ಕೀಲಿ ತಿರುಗಿಸಿದರೆ ಲಾರಿ ಮಂಕು ಹಿಡಿದಂತೆ ಸುಮ್ಮನಿತ್ತು. ಹಳೆಯದರ ನೆನಪನ್ನು ಕಂಪ್ಯೂಟರಿನ ಮೂಲಕ ಇದಕ್ಕೆ ತುಂಬಬೇಕು. ನೀನು ಯಾವ ಲಾರಿ, ನಿನ್ನ ನಂಬರೇನು, ನಿನಗೆ ಎಷ್ಟು ದೀಪ, ನಿನ್ನ ಹಿಂದೆ ಏನು ಕಟ್ಟುತ್ತಾರೆ, ಎಲ್ಲ ಹೇಳಿಕೊಡಬೇಕು. ಮಿಲ್ಚೊ ಕೂಸಿಗೆ ಊಟ ಮಾಡಿಸುವವನಂತೆ ತಾಳ್ಮೆಯಿಂದ ಕೂತ. ಅದು ಮುಗಿದ ಮೇಲೆ, "ಈಗ ಕೇಳು" ಎಂದ. ಬೋರಿಲ್ ಎಡಗೈ ಚಾಚಿ ಗುಂಡಿ ತಿರುಗಿಸಿದ. ಗೋಡೆಯ ಮೇಲೆ ಬೆಳಕು ಬಿತ್ತು. ಆರಿಸಿದ, ಮತ್ತೆ ಕೇಳಿದ, ಮತ್ತೆ ಬಿತ್ತು. ಸಾಕು ಎಂದು ಮಿಲ್ಚೊ ಹೇಳುವ ತನಕ ಕೇಳುತ್ತಲೇ ಇದ್ದ.

ಮನೆಯಲ್ಲಿ ಊಟಕ್ಕೆ ಕೂತಾಗ, "ಒಳಗಿನ ಒಂದು ಪೆಟ್ಟಿಗೆ ಕೆಟ್ಟಿತ್ತಮ್ಮ. ಬದಲಾಯಿಸಿದ್ರು" ಎಂದ.

"ಸರಿ ಬಿಡು" ಎಂದಳು ಸ್ತೋಯ್ನ, ಅವನ ಬಟ್ಟಲಿಗೆ ಇನ್ನೊಂದು ಸೌಟು ಹುರುಳಿಕಾಯಿ ಸಾರು ಬಡಿಸುತ್ತ. ಜಾರಿ ಬಿದ್ದ ಮಗು ನೆಲಕ್ಕೆ ಬೈದರೆ ಸಮಾಧಾನ ಮಾಡುತ್ತಾರಲ್ಲ, ಆ ದನಿ. ಕಾಫಿಯಲ್ಲಿ ಇನ್ನೂ ನೀರಿತ್ತು. ಒಂದೇ ಒಂದು ಮಾತು ಹೇಳಿದರೆ ಅವಳು ನಂಬುತ್ತಾಳೆ, ಆದರೆ ಆ ಮಾತಿನ ಬೆಲೆ ತೆರುವವಳು ಅವಳೇ. ಅವನು ಸಾರು ಉಂಡ. ನಿದ್ದೆ ಮಾಡಿದ ಮಗನಾಗಿಯೇ ಇದ್ದುಬಿಡುತ್ತೇನೆ ಎಂದುಕೊಂಡ, ಹಾಗೆಂದುಕೊಂಡಾಗ ಎದೆ ಹಗುರಾಗಲಿಲ್ಲ.

ಬೆಳಿಗ್ಗೆ ಅವನು ಲಾರಿಯನ್ನು ಮೆಟ್ಟಿಲ ಬುಡದಿಂದ ಮೊದಲೇ ತೆಗೆದು, ಕೆಳಗೆ ರಸ್ತೆಯ ತಿರುವಿನಲ್ಲಿ ನಿಲ್ಲಿಸಿ ಬಂದ. ಸ್ತೋಯ್ನ ತಲೆಗೆ ಬಟ್ಟೆ ಕಟ್ಟಿ, ಎರಡು ತಂಬಿಗೆ ಮೆಟ್ಟಿಲ ಮೇಲಿಟ್ಟು ಕಾಯುತ್ತಿದ್ದಳು, ಸೊಪ್ಪು ಆಗಲೇ ನೀರಲ್ಲಿತ್ತು.

"ಗಾಡಿ ಎಲ್ಲೋ?"

"ಕೆಳಗೆ ನಿಲ್ಸಿದೀನಿ. ಇಲ್ಲಿ ತಿರುಗಿಸೋಕೆ ಆಗಲ್ಲ."

"ಇಷ್ಟು ವರ್ಷ ತಿರುಗಿಸ್ತಿದ್ಯಲ್ಲ."

"ಈ ಸಲ ನಂಗೆ ಚೆಲ್ಲಮ್ಮ. ನೆಲಕ್ಕೆ. ಎಲ್ಲರ ಹಾಗೆ."

ಅವಳು ಅವನ ಮುಖ ನೋಡಿದಳು. ತಂಬಿಗೆಯಿಂದ ಒಂದು ಚಿಗುರು ಎತ್ತಿ, ನೀರು ಕೊಡವಿ, ಯಾವತ್ತಿನ ಹಾಗೆ ಅವನ ಎದೆಜೇಬಿಗೆ ಸಿಕ್ಕಿಸಲು ಕೈ ಹಾಕಿದಳು. ಆಗ ಅವನಿಗೆ ನೆನಪಾಯಿತು, ಆದರೆ ಅವಳ ಬೆರಳು ಅಷ್ಟರಲ್ಲಿ ಒಳಗಿತ್ತು. ಬೆರಳು ನಿಂತಿತು. ಒಣಗಿ ಗಟ್ಟಿಯಾದ ಕಪ್ಪು ಮುದ್ದೆಯನ್ನು ಹೊರತೆಗೆದು ಅಂಗೈ ಮೇಲಿಟ್ಟುಕೊಂಡು, ಮೂಗಿನ ಹತ್ತಿರ ಒಯ್ದಳು. ಗಿಡವನ್ನು ತಾನೇ ನೆಟ್ಟು ಒಂದೊಂದು ಎಲೆಯನ್ನೂ ತಾನೇ ಕಿತ್ತವಳಿಗೆ ಗುರುತು ಹೇಳಬೇಕಾಗಿರಲಿಲ್ಲ.

"ಇದು ಎಲ್ಲಿತ್ತು?"

ಸುಳ್ಳು ಹೇಳಲೆಂದೇ ಅವನು ಬಾಯಿ ತೆರೆದ. "ಗಾಡಿಯಲ್ಲಿ" ಎಂದ. "ಒಳಗೆ."

"ಒಳಗೆ ಅಂದ್ರೆ?"

"ಬಹಳ ಒಳಗೆ, ಅಮ್ಮ. ನಾನೂ ನೋಡಿರದಷ್ಟು."

ಸ್ತೋಯ್ನ ಮೆಟ್ಟಿಲ ಮೇಲೆ ಕೂತಳು. ಕೆಳಗೆ ರಸ್ತೆಯ ತಿರುವಿನಲ್ಲಿ ಕಾಣುತ್ತಿದ್ದ ಲಾರಿಯ ಹಣೆಯನ್ನು ನೋಡಿದಳು, ತಂಬಿಗೆಗಳನ್ನು ನೋಡಿದಳು, ಅಂಗೈ ನೋಡಿದಳು. ಎಲ್ಲ ಒಂದೊಂದಾಗಿ ಅವಳಿಗೆ ತಿಳಿಯುತ್ತಿರುವುದನ್ನು ಬೋರಿಲ್ ನಿಂತು ನೋಡುತ್ತಿದ್ದ. ತಡೆಯಲು ಅವನ ಹತ್ತಿರ ಏನೂ ಇರಲಿಲ್ಲ.

"ಹಾಗಾದ್ರೆ ನೀನು ನಿದ್ದೆ ಮಾಡಿರ್ಲಿಲ್ಲ" ಎಂದಳು.

"ಇಲ್ಲಮ್ಮ."

ಅವಳು ಅಳುತ್ತಾಳೆಂದು ಅವನು ಹತ್ತಿರ ಹೋದ. ಅವಳು ಅಳಲಿಲ್ಲ. ಮುಖ ಎತ್ತಿದಾಗ ಅಲ್ಲಿ ಅವನು ಯಾವತ್ತೂ ಕಂಡಿರದ ಒಂದು ಬೆರಗಿತ್ತು, ಹೆದರಿಕೆಯೂ ಇತ್ತು. ತಾನು ಎರಚಿದ್ದು ಗಾಜಿನಿಂದ ಜಾರಿ ನೆಲದಲ್ಲೇ ಇಂಗಿಹೋಗುತ್ತದೆಂದು ಇಷ್ಟು ವರ್ಷ ಒಳಗೊಳಗೇ ಅಂದುಕೊಂಡಿದ್ದವಳ ಮುಖ ಅದು.

"ಅಷ್ಟು ಒಳಗೆ ಹೋಗಿತ್ತೇನೋ?" ಎಂದು ಮೆಲ್ಲಗೆ ಕೇಳಿದಳು.

"ಹೋಗಿತ್ತಮ್ಮ."

ಸ್ತೋಯ್ನ ಎದ್ದಳು. ಒಂದು ತಂಬಿಗೆಯನ್ನು ಹಾಗೇ ಬಿಟ್ಟು, ಇನ್ನೊಂದರಿಂದ ಸೊಪ್ಪನ್ನು ತೆಗೆದು ಪಕ್ಕಕ್ಕಿಟ್ಟಳು. ಬಾಗಿ, ಲೋಟಕ್ಕೆ ಬಗ್ಗಿಸುವಷ್ಟು ಜೋಪಾನವಾಗಿ, ಒಂದು ಹನಿಯೂ ಹಾರದಂತೆ ಅವನ ಕಾಲ ಮುಂದಿನ ನೆಲಕ್ಕೆ ಚೆಲ್ಲಿದಳು. ಅವನು ಅದರ ಮೇಲೆ ನಡೆದು ಹೋದ, ಲಾರಿ ಹತ್ತುವ ಮೊದಲು, ಒಳಗೆ ನೀರು ಹೋಗದಿರಲೆಂದು, ಒದ್ದೆ ಬೂಟುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.